ಸಭೆಗೆ ಮುಂಚೆ ಮನೆಗೆ ಬಂದ ಡಾಕ್ಟರ್ ಅಂಕಲ್

೨೦೦೯ ಜೂನ್ ೧೪, ಭಾನುವಾರ. ಬೆಳಗ್ಗೆ ಏಳೂವರೆ.

ನಿನ್ನೆ ಪಕ್ಕದ ಬಡಾವಣೆ ಒನೆಹುಂಗಾದ ಬೇಕರಿಯಿಂದ ತಂದಿದ್ದ ಕಪ್ಪು ಬ್ರೆಡ್ಡನ್ನು ಈಗ ಕೊಯ್ದೆ. ಶಾಹಿಜೀರಿಗೆಯ ವಾಸನೆ ಮೂಗಿಗೆ ಬಡಿಯಿತು. ಮೊದಲು ನಾವಿದ್ದ ಊರು ನೆಲ್ಸನ್ನಿನ ಡಾಕ್ಟರ್ ಅಂಕಲ್ ಮನೆಯ ವಾಸನೆ...

ಅವರು ವೈದ್ಯರಲ್ಲ, ಜರ್ಮನಿಯ ಅರ್ಥಶಾಸ್ತ್ರಜ್ಞರು. ಅದು ತಿಳಿಯದೆ ಅಮ್ಮ ಮೊದಲ ಭೇಟಿಯಲ್ಲೇ ಮಂಡಿನೋವಿಗೆ ಮಾತ್ರೆ ಕೇಳಿದ್ದರು. ತಾವು ನೋಡುವುದು ಬೆಲೆಗಳ ಜ್ವರ ಮಾತ್ರ ಎಂದು ಅವರು ನಕ್ಕಿದ್ದರು. ತಮ್ಮ ದೇಶದಲ್ಲಿ ಕಾಗದ ಗಿರಣಿಗಳ ಸಂಘವನ್ನು ವರ್ಷಗಟ್ಟಲೆ ನಡೆಸಿ, ಒಂದು ಅವಧಿಗೆ ಶಾಸಕರೂ ಆಗಿ, ಸೋತ ಮೇಲೆ ಹೆಂಡತಿಯೊಂದಿಗೆ ನೆಲ್ಸನ್ನಿಗೆ ಬಂದಿದ್ದರು. ಅಲ್ಲಿ ಸೇಬು ಬೆಳೆಗಾರರ ಸಂಘದ ವ್ಯವಸ್ಥಾಪಕರಾದರು. ನಾನು ಅವರ ಕಚೇರಿಯಲ್ಲಿ ಸಹಾಯಕಿ.

ಯಾವ ಸಭೆಯೂ ಸಭೆಯ ದಿನ ನಡೆಯುವುದಿಲ್ಲ ಎಂಬುದನ್ನು ಅವರಿಂದ ಕಲಿತೆ. ಹಿಂದಿನ ವಾರವೇ ಒಬ್ಬೊಬ್ಬರ ಮನೆಗೆ ಹೋಗಿ, ಕಾಫಿ ಕುಡಿದು, ನಿಮಗೆ ಬಿಟ್ಟುಕೊಡಲು ಆಗದೇ ಇರುವುದು ಯಾವುದು ಎಂದು ಕೇಳಿ ಬರುತ್ತಿದ್ದರು. ಆಮೇಲೆ ಕೈ ಎತ್ತುವುದಷ್ಟೇ ಬಾಕಿ.

೨೦೦೪ರಲ್ಲಿ ಅವರು ನಗರಸಭೆಗೆ ನಿಂತರು. ಬಂದರಿನ ಪಕ್ಕ ನಗರಸಭೆಯ ಜಾಗದಲ್ಲಿದ್ದ ಸೇಬಿನ ಶೆಡ್ಡನ್ನು ಉಳಿಸುತ್ತೇನೆ ಎಂದರು. ಮೈಸೂರಿನಲ್ಲಿ ಎಂಜಿನಿಯರಾಗಿದ್ದ ಅಪ್ಪ ಅದೇ ಶೆಡ್ಡಿನಲ್ಲಿ ಹಣ್ಣು ವಿಂಗಡಿಸುವ ಯಂತ್ರ ನೋಡಿಕೊಳ್ಳುತ್ತಿದ್ದರು. ನಮ್ಮವರ ಮನೆಮನೆಗೂ ಹೋಗಿ ನಾನು ಅವರಿಗೆ ಮತ ಕೇಳಿದೆ. ಗೆದ್ದರು.

ಎರಡು ವರ್ಷಕ್ಕೆ ಶೆಡ್ಡಿನ ಗುತ್ತಿಗೆ ಮುಗಿಯಿತು. ಹೋಟೆಲಿನವರು ಆ ಜಾಗ ಕೇಳಿದರು. ದೊಡ್ಡ ಬೆಳೆಗಾರರಿಗೆ ಅಷ್ಟರಲ್ಲಿ ತೋಟದಲ್ಲೇ ಸ್ವಂತ ಶೆಡ್ಡುಗಳಾಗಿದ್ದವು. ಅದನ್ನು ತೀರ್ಮಾನಿಸುವ ನಗರಸಭೆಯ ಸಭೆಗೆ ಮುಂಚಿನ ಶನಿವಾರ ಅಂಕಲ್ ನಮ್ಮ ಮನೆಗೆ ಬಂದು, ಉಪ್ಪಿಟ್ಟು ತಿಂದು, ಅದೇ ಪ್ರಶ್ನೆ ಕೇಳಿದರು. ಮನೆಗೆ ಬಂದವರ ಮುಂದೆ ಕಷ್ಟ ತೋಡಿಕೊಳ್ಳುವುದುಂಟೇ? ನಮ್ಮ ಯೋಚನೆ ಬಿಡಿ, ಹೇಗೋ ನಡೆಯುತ್ತದೆ ಎಂದು ಅಪ್ಪ ನಕ್ಕರು. ಅಮ್ಮ ಇನ್ನೊಂದು ಸೌಟು ಬಡಿಸಿದರು.

ಸಭೆಯಲ್ಲಿ ನಾನು ಸಾರ್ವಜನಿಕರ ಸಾಲಿನಲ್ಲಿ ಕೂತಿದ್ದೆ. ಕೆಲಸಗಾರರ ಮನೆಗಳಿಗೆ ಹೋಗಿ ಕೇಳಿದ್ದೇನೆ, ಹೇಗೋ ನಡೆಯುತ್ತದೆಂದು ಅವರೇ ಹೇಳಿದ್ದಾರೆ ಎಂದು ಅಂಕಲ್ ಎದ್ದು ನಿಂತು ಹೇಳಿದರು. ಹೋಟೆಲಿನ ಪರವಾಗಿ ಕೈ ಎತ್ತಿದರು.

ಹೊರಗೆ ಅವರನ್ನು ತಡೆದು ನಿಲ್ಲಿಸಿದೆ.

"ನಿನ್ನ ತಂದೆಯನ್ನ ಕೇಳಿದ್ದೆನಲ್ಲ," ಎಂದರು.

"ನನ್ನನ್ನ ಕೇಳಬಹುದಿತ್ತು ಅಂಕಲ್. ದಿನಾ ನಿಮ್ಮೆದುರಿಗೇ ಕೂತಿರ್ತೀನಿ."

ಕೋಟಿನ ಗುಂಡಿ ಹಾಕಿಕೊಂಡು ಹೊರಟುಹೋದರು.

ಶೆಡ್ಡು ಮುಚ್ಚಿತು. ನನ್ನ ಮಾತು ನಂಬಿ ಮತ ಹಾಕಿದ್ದ ಆಂಟಿಯೊಬ್ಬರು ಅಂಗಡಿಯಲ್ಲಿ ಸಿಕ್ಕಿ, "ನಿಮ್ ಡಾಕ್ಟ್ರು ಒಳ್ಳೇ ಔಷಧಿನೇ ಕೊಟ್ರು ಕಣಮ್ಮ," ಎಂದರು. ಅಪ್ಪ ತಿಂಗಳುಗಟ್ಟಲೆ ಮನೆಯಲ್ಲೇ ಕೂತರು... ಕೊನೆಗೆ ಊರು ಬಿಟ್ಟು ಇಲ್ಲಿಗೆ, ಮೌಂಟ್ ರಾಸ್ಕಿಲ್‌ಗೆ ಬಂದೆವು.

ಹೋದ ಚಳಿಗಾಲದಲ್ಲಿ ಅಂಕಲ್ ತೀರಿಕೊಂಡರಂತೆ. ಸುದ್ದಿ ತಿಳಿದ ದಿನ ನಾನು ಡೈರಿಯಲ್ಲಿ ಮಳೆ ಬಂದದ್ದನ್ನೂ ಬಸ್ಸು ತಡವಾದದ್ದನ್ನೂ ಬರೆದಿದ್ದೇನೆ. ಅವರ ಬಗ್ಗೆ ಒಂದಕ್ಷರವಿಲ್ಲ. ಕೋಪ ಇನ್ನೂ ಇದೆ, ಜಗಳ ಮುಗಿಸಲು ಅವರಿಲ್ಲ.

ಆ ವಾರ ಅವರು ಬೇರೆ ಸದಸ್ಯರ ಮನೆಗಳಿಗೂ ಹೋಗಿರಲೇಬೇಕು. ಅಲ್ಲೆಲ್ಲಾದರೂ ನಮ್ಮ ಪರವಾಗಿ ಒಂದು ಮಾತು ಆಡಿದ್ದರೇ? ಈ ಬ್ಲಾಗ್ ಓದುವವರಲ್ಲಿ ಆಗ ನೆಲ್ಸನ್ನಿನಲ್ಲಿದ್ದು ತಿಳಿದವರಿದ್ದರೆ ದಯವಿಟ್ಟು ಬರೆಯಿರಿ. ಇಲ್ಲ ಎಂಬ ಉತ್ತರವಾದರೂ ಸರಿ.