ಕೇಳೋ ಸಾಲು, ಹೇಳೋ ಸಾಲು

ಒಂದು ತೆಂಗಿನಕಾಯಿ ಸುಲಿಯೋಕೆ ನನಗೆ ನೆಲಕ್ಕೆ ನೆಟ್ಟ ಹಾರೆಗೆ ಮೂರು ಸಲ ಕೊಟ್ಟರೆ ಸಾಕು. ಮೊದಲನೇ ಸಲಕ್ಕೆ ಮಟ್ಟೆ ಬಾಯಿ ಬಿಡುತ್ತೆ, ಎರಡನೇದಕ್ಕೆ ಸಡಿಲ ಆಗುತ್ತೆ, ಮೂರನೇದಕ್ಕೆ ಕಾಯಿ ಕೈಗೆ ಬರುತ್ತೆ. ನಾಲ್ಕನೇ ಸಲ ಕೊಡೋನು ಇನ್ನೂ ಕಲೀತಾ ಇದ್ದಾನೆ ಅಂತಲೇ ಅರ್ಥ. ಗಂಡಸಿ ಹೋಬಳಿಯ ತೋಟಗಳಲ್ಲಿ ನಲವತ್ತು ವರ್ಷದಿಂದ ಇದೇ ಕೆಲಸ ಮಾಡಿಕೊಂಡು ಬಂದಿದ್ದೀನಿ. ನನಗಿಂತ ಬೇಗ ಸುಲಿಯೋನು ಇದ್ದಾನೆ ಅಂತ ಯಾರಾದರೂ ಹೇಳಿದರೆ ಅವನನ್ನ ಕರಕೊಂಡು ಬನ್ನಿ, ನೋಡೇಬಿಡೋಣ.

ಇದನ್ನ ಮೊದಲೇ ಯಾಕೆ ಹೇಳಿದೆ ಅಂದರೆ, ನಾನು ಓದಿದೋನಲ್ಲ. ಐದನೇ ಕ್ಲಾಸಿಗೆ ಬಿಟ್ಟೆ. ಮನೆಯಲ್ಲಿ ಕಷ್ಟ ಇತ್ತು, ಅದಕ್ಕೆ ಬಿಟ್ಟ ಅಂತ ಊರಿನವರು ಅಂದುಕೊಂಡಿದ್ದಾರೆ. ನಾನೂ ಅಲ್ಲ ಅನ್ನೋಕೆ ಹೋಗಿಲ್ಲ. ನಿಜ ಏನು ಅಂದರೆ, ಭಾಗಾಕಾರ ಬರಲಿಲ್ಲ ಅಂತ ಮೇಷ್ಟ್ರು ನನ್ನನ್ನ ಎಬ್ಬಿಸಿ ಮೂರನೇ ಕ್ಲಾಸಿನವರ ಜೊತೆ ಕೂರಿಸಿದರು. ಪಕ್ಕದಲ್ಲಿ ಯಾರು? ನನ್ನ ಸ್ವಂತ ತಮ್ಮ. ಅವನು ಸ್ಲೇಟು ನನ್ನ ಕಡೆ ತಿರುಗಿಸಿ, "ನೋಡ್ಕಂಡು ಬರ್ಕಳಣ್ಣ" ಅಂದ. ಪಾಪ, ಒಳ್ಳೇ ಮನಸ್ಸಿಂದಲೇ ಅಂದಿದ್ದು. ಮಾರನೇ ದಿನದಿಂದ ನಾನು ಆ ಸ್ಕೂಲಿನ ಕಡೆ ತಲೆ ಹಾಕಲಿಲ್ಲ.

ಸ್ಕೂಲು ಬಿಟ್ಟರೂ ಕಲಿಯೋದು ನಿಲ್ಲಲಿಲ್ಲ. ನಮ್ಮಪ್ಪ ಕೋಲಾಟದ ಮೇಳ ಕಟ್ಟಿದ್ದರು. ಬೇಲೂರು ಕಡೆಯಿಂದ ತಂದ ಬಗನಿ ಮರದ ಕೋಲುಗಳು, ಎಣ್ಣೆ ಕುಡಿದು ಕುಡಿದು ಕಪ್ಪಗಾಗಿದ್ದವು. ಒಂದಕ್ಕೊಂದು ತಾಗಿದರೆ ಸದ್ದು ಕೆರೆ ಏರಿ ದಾಟಿ ಕೇಳುತ್ತಿತ್ತು. ನಮ್ಮ ಮೇಳಕ್ಕೆ ಒಂದು ಪದ್ಧತಿ. ಎರಡು ಸಾಲು ಎದುರುಬದುರು ನಿಲ್ಲಬೇಕು. ಒಂದು ಕೇಳೋ ಸಾಲು, ಒಂದು ಹೇಳೋ ಸಾಲು. ಕೇಳೋ ಸಾಲಿನವರು ಹಾಡಿನಲ್ಲೇ ಪ್ರಶ್ನೆ ಹಾಕಬೇಕು, ಹೇಳೋ ಸಾಲಿನವರು ಹಾಡಿನಲ್ಲೇ ಉತ್ತರ ಕೊಡಬೇಕು. ಪ್ರಶ್ನೆ ಬರೋವರೆಗೂ ಎದುರಿನವರು ಕೋಲು ಎತ್ತಿ ಹಿಡಿದುಕೊಂಡೇ ಇರಬೇಕು, ಹೊಡೆಯೋ ಹಾಗಿಲ್ಲ.

ಬಾಗ್ಲಾಗೆ ಏನೈತೆ, ಹೇಳಣ್ಣ ಹೇಳು?
ಹೊಸ್ಲೈತೆ, ಹೊಸ್ಲ್ ಮ್ಯಾಲೆ ರಂಗೋಲಿ ಐತೆ.
ನಡುಮನ್ಯಾಗೆ ಏನೈತೆ, ಹೇಳಣ್ಣ ಹೇಳು?
ಕಂಬೈತೆ, ಕಂಬಕ್ಕೊರಗಿ ಅಜ್ಜಿ ಐತೆ.

ಪದ ಹೀಗೇ ಅಡುಗೆಮನೆ, ಹಿತ್ತಲು, ಕೊಟ್ಟಿಗೆ ಎಲ್ಲ ಸುತ್ತಿಕೊಂಡು ಹೊಲಕ್ಕೆ ಹೋಗಿ, ಗುಡಿ ಮುಂದಿನ ಮದ್ದಳೆ ತಾಳ ಎಲ್ಲ ಎಣಿಸಿ, ಕೊನೆಗೆ ಹುಲಿಕೆರೆ ಕೊಳದ ಮೆಟ್ಟಿಲು ಇಳಿದು ನೀರು ಮುಟ್ಟಿ ಮುಗಿಯುತ್ತೆ. ಒನಕೆ, ಮೊರ, ಕೂರಿಗೆ, ಕುಂಟೆ, ಯಾವುದು ಎಲ್ಲಿರಬೇಕು, ಯಾರನ್ನ ಏನಂತ ಕರೀಬೇಕು, ಎಲ್ಲ ಅದರೊಳಗೇ ಇದೆ. ನನಗೆ ಪಾಠಪುಸ್ತಕ ಅಂದರೆ ಅದೇ. ನೀರು ಮುಟ್ಟಿದ ಮೇಲೆ ಕೇಳೋ ಸಾಲಿನವರು ತಮಗೆ ತೋಚಿದ್ದು ಕೇಳಬಹುದು. ನಾಲ್ಕು ಏಟಿನೊಳಗೆ ಉತ್ತರ ಬರದಿದ್ದರೆ ಎದುರಿನ ಮುಂದಾಳು ತನ್ನ ಎರಡೂ ಕೋಲು ಒಪ್ಪಿಸಬೇಕು. ನಾನು ಯಾವತ್ತೂ ಕೋಲು ಒಪ್ಪಿಸಿದೋನಲ್ಲ. ಮೀಸೆ ಬಂದ ಮೇಲಂತೂ ಕೇಳೋ ಸಾಲಿನ ತುದಿ ನನ್ನದೇ. ಹೊಸಬರು ಯಾವಾಗಲೂ ಹೇಳೋ ಸಾಲು. ಉತ್ತರ ಕಟ್ಟಿಟ್ಟ ಬುತ್ತಿ ಇದ್ದ ಹಾಗೆ, ಬಿಚ್ಚಿ ತಿಂದರೆ ಆಯ್ತು. ಪ್ರಶ್ನೆ ಹಾಕೋಕೆ ಗತ್ತು ಬೇಕು ಅಂತ ನಮ್ಮಪ್ಪ ಹೇಳುತ್ತಿದ್ದರು.

ಹೋದ ವರ್ಷ ನಮ್ಮೂರ ಸರ್ಕಾರಿ ಸ್ಕೂಲಿನ ಹೆಡ್ ಮೇಡಮ್ಮು ಮನೆಗೇ ಬಂದರು. "ಯಜಮಾನ್ರೆ, ಮಕ್ಕಳಿಗೆ ಕೋಲಾಟ ಕಲಿಸಿಕೊಡಿ. ಶನಿವಾರ ಕ್ಲಾಸ್ ಮುಗಿದ ಮೇಲೆ ಒಂದು ಗಂಟೆ ಬಂದ್ರೆ ಸಾಕು" ಅಂದರು. ನಾನು ಆಗಲೇ ಒಪ್ಪಿದೆ. ಐದನೇ ಕ್ಲಾಸಿಗೆ ಬಿಟ್ಟ ಸ್ಕೂಲಿಗೆ ಕಲಿಸೋನಾಗಿ ಹೋಗೋದು ಸಣ್ಣ ಮಾತೇ? ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟುಕೊಂಡೇ ಹೋದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಹೆಣ್ಣು ನೋಡಾಕೆ ಹೋದಾಗ್ಲೂ ಇಂಗೆ ಹೊಂಟಿರ್ನಿಲ್ಲ" ಅಂದಳು.

ಅಲ್ಲಿ ಎರಡನೇ ಕ್ಲಾಸಿನ ಮಕ್ಕಳ ನಡುವೆ ಒಬ್ಬ ಉದ್ದನೇ ಹುಡುಗಿ ಕೂತಿದ್ದಳು. ಹತ್ತು ಹನ್ನೊಂದು ವರ್ಷ ಇರಬಹುದು. ಮೊಣಕಾಲು ಮಡಚಿ ಮಡಚಿ ತನ್ನನ್ನೇ ಚಿಕ್ಕದು ಮಾಡಿಕೊಳ್ಳುತ್ತಿದ್ದಳು. ಅವಳ ಅಪ್ಪ ಅಮ್ಮ ಬಿಹಾರದ ಕಡೆಯವರು, ನಾರಿನ ಫ್ಯಾಕ್ಟರಿಯಲ್ಲಿ ಕೆಲಸ. ನಾನು ಸುಲಿದ ಮಟ್ಟೆ ಹೋಗೋದೂ ಅದೇ ಫ್ಯಾಕ್ಟರಿಗೇ, ಹಾಗಾಗಿ ಅವಳಪ್ಪನ ಮುಖ ಗೊತ್ತಿತ್ತು. "ವಯಸ್ಸಿಗೆ ಐದನೇ ಕ್ಲಾಸ್ ಆಗ್ಬೇಕು. ಕನ್ನಡ ಒಂದಕ್ಷರ ಬರಲ್ಲ, ಅದಕ್ಕೇ ಇಲ್ಲಿ ಕೂರಿಸಿದೀನಿ. ಸಂಕ್ರಾಂತಿವರೆಗೂ ನೋಡಿ, ಆಗುತ್ತೆ ಅನ್ನಿಸಿದ್ರೆ ಐದಕ್ಕೆ ಕಳಿಸ್ತೀನಿ" ಅಂದರು ಮೇಡಮ್ಮು.

ಫ್ಯಾಕ್ಟರಿ ಹತ್ತಿರ ಸಿಕ್ಕಾಗ ಅವಳಪ್ಪನ್ನ ವಿಚಾರಿಸಿದೆ. ಅವನಿಗೆ ಬರೋ ನಾಲ್ಕು ಮಾತಿನ ಕನ್ನಡದಲ್ಲೇ ಹೇಳಿದ: "ಸಣ್ಣ ಮಕ್ಕಳ ಜೊತೆ ಕೂರೋಕೆ ಸ್ಕೂಲ್ ಯಾಕೆ ಅಣ್ಣ? ಸಣ್ಣೋನು ಮನೇಲೂ ಐತೆ. ಸಂಕ್ರಾಂತಿ ಆಮೇಲೆ ಇವಳು ಅವನ್ನ ನೋಡ್ಕೊಂತೈತೆ." ಅಂದರೆ ಅವಳು ಮೇಲಿನ ಕ್ಲಾಸಿಗೆ ಹೋಗದಿದ್ದರೆ ಸ್ಕೂಲೇ ಬಂದ್. ಆ ಮಾತು ಕೇಳಿದಾಗ ನನ್ನ ತಮ್ಮನ ಸ್ಲೇಟು ಕಣ್ಣ ಮುಂದೆ ಬಂತು. ಈ ಹುಡುಗಿ ಎದ್ದು ಹೋಗಬಾರದು, ಹೋಗೋಕೆ ನಾನು ಬಿಡಲ್ಲ ಅಂತ ಅಲ್ಲೇ ತೀರ್ಮಾನ ಮಾಡಿದೆ.

ಅವಳನ್ನ ಹೇಳೋ ಸಾಲಿನಲ್ಲಿ ನಿಲ್ಲಿಸಿದೆ. ಎದುರಿಗೆ ಕೇಳೋ ಸಾಲಿನ ತುದಿಯಲ್ಲಿ ನಾನು. ಮೊದಲು ಬರೀ ಕೋಲು ಹೊಡೆದಳು. ತಾಳ ಅವಳ ಕೈಯಲ್ಲಿ ಆಗಲೇ ಇತ್ತು, ಯಾರೋ ಮನೆಯಲ್ಲಿ ಹಾಕಿಕೊಟ್ಟ ಹಾಗೆ. ಮೂರನೇ ಶನಿವಾರ ಬಾಯಿ ಆಡಿತು. ಕೋಲು ಬೀಳೋ ಕಡೆ ಮಾತೂ ಬೀಳಲೇಬೇಕಲ್ಲ, ನಾಚಿಕೆ ಪಡೋಕೆ ಪುರಸೊತ್ತೆಲ್ಲಿ? ದಸರಾ ಹೊತ್ತಿಗೆ ಪೂರ್ತಿ ಪದ ಬಾಯಿಗೆ ಬಂದಿತ್ತು. ಒಂದೇ ತೊಂದರೆ ಅಂದರೆ, ಯಾವ ಮಾತು ಬೇಕಾದರೂ ಪದದ ಬಾಗಿಲಿಂದಲೇ ಒಳಗೆ ಬರಬೇಕು. "ಉಪ್ಪು ಎಲ್ಲಿಡ್ತಾರೆ ಮಗಾ?" ಅಂದರೆ ಬೆರಳಲ್ಲಿ ತಾಳ ಹಾಕುತ್ತಾ, ಹೊಸ್ತಿಲು ದಾಟಿ, ಕಂಬ ಸುತ್ತಿ, ಅಜ್ಜಿಯನ್ನ ಮಾತಾಡಿಸಿ, ಅಡುಗೆಮನೆ ಹೊಕ್ಕು, ಆಮೇಲೆ "ಒಲೆ ಮಗ್ಗುಲ ಮರಿಗೆಯಾಗೆ!" ಅನ್ನುತ್ತಿದ್ದಳು. ಒಂದು ಸಲ ನಮ್ಮ ಮನೆಗೆ ಬಂದಿದ್ದಾಗ ಇದನ್ನ ನೋಡಿ ನನ್ನ ಹೆಂಡತಿ ನಕ್ಕಿದ್ದೇ ನಕ್ಕಿದ್ದು. "ಏನ್ರೀ, ನಿಮ್ ಶಿಷ್ಯೆ ಉಪ್ಪು ತಂದ್ಕೊಡೋ ಹೊತ್ಗೆ ಮುದ್ದೆ ತಣ್ಣಗಾಗೋಯ್ತದೆ." ಆದರೂ ಬರಬರುತ್ತಾ ದಾರಿ ಹತ್ತಿರ ಆಯಿತು. ನಡುಮನೆಯಿಂದ ನೆಟ್ಟಗೆ ಹಿತ್ತಲಿಗೆ ಹಾರುವಷ್ಟು ಚುರುಕಾದಳು.

ರಾಜ್ಯೋತ್ಸವ ಕಳೆದು ಸ್ವಲ್ಪ ದಿನಕ್ಕೆ ಮಕ್ಕಳನ್ನ ಹಳೇಬೀಡಿಗೆ ಕರಕೊಂಡು ಹೋದರು. ನನ್ನನ್ನೂ ಬನ್ನಿ ಅಂದರು, ಹೋದೆ. ಗುಡಿ ಗೋಡೆ ಮೇಲೆ ಬಾರಿಸೋರು, ಕುಣಿಯೋರು ಸಾಲು ಸಾಲಾಗಿ ನಿಂತಿದ್ದಾರಲ್ಲ, ಮೇಡಮ್ಮು ಒಂದೊಂದನ್ನೇ ತೋರಿಸಿ ಕೇಳುತ್ತಾ ಹೋದರು. ಐದನೇ ಕ್ಲಾಸಿನವರು ತಲೆ ಕೆರೆದುಕೊಳ್ಳುವಾಗ ಈ ಹುಡುಗಿ ಹಿಂದಿನಿಂದ, "ಮದ್ದಳೆ! ತಾಳ! ಕೊಳಲು!" ಅಂತ ಹೇಳಿಬಿಟ್ಟಳು. ಎಲ್ಲ ನಮ್ಮ ಪದದ್ದೇ. ನಾನು ಮೀಸೆ ಮೇಲೆ ಕೈ ಹಾಕಿದೆ. ಸುಳ್ಳು ಯಾಕೆ ಹೇಳಲಿ, ಆ ಕಲ್ಲಿನ ಬೊಂಬೆಗಳಿಗೂ ನಾನೇ ಕಲಿಸಿದ ಹಾಗೆ ನಿಂತಿದ್ದೆ.

ಊರಲ್ಲಿ ಬಸ್ಸು ಇಳಿಯುವಾಗ ನೋಡಿದರೆ ಹುಡುಗಿ ಬರಿಗಾಲು.

"ಚಪ್ಪಲಿ ಎಲ್ಲೇ?" ಅಂದರು ಮೇಡಮ್ಮು.

"ಗುಡಿ ಮುಂದೆ ಐತೆ."

"ಯಾಕೆ ಹಾಕ್ಕೊಂಡು ಬರಲಿಲ್ಲ?"

"ಕಾಣ್ಲಿಲ್ಲ."

ಯಾರದೋ ಚಪ್ಪಲಿ ರಾಶಿಯ ಕೆಳಗೆ ಸೇರಿಕೊಂಡಿರಬೇಕು. ಕೇಳಿದ್ದರೆ ನಾವೆಲ್ಲ ಸೇರಿ ಹುಡುಕುತ್ತಿದ್ದೆವು. ಅವಳು ಯಾರನ್ನೂ ಕೇಳದೆ ಸುಮ್ಮನೆ ಬಂದು ಬಸ್ಸು ಹತ್ತಿದ್ದಳು. ಮೇಡಮ್ಮು ನನ್ನನ್ನ ಪಕ್ಕಕ್ಕೆ ಕರೆದರು.

"ನೋಡಿ ಯಜಮಾನ್ರೆ, ನಿಮ್ಮಿಂದ ಮಾತು ಬಂತು, ಇಲ್ಲ ಅನ್ನಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತಾಳೆ. ಆದ್ರೆ ಜೂನ್‌ನಿಂದ ಇವತ್ತಿನವರೆಗೂ ಅವಳು ಒಂದು ಪ್ರಶ್ನೆ ಕೇಳಿಲ್ಲ. ನೀರು ಕುಡಿಯೋಕೆ ಹೋಗ್ಲಾ ಅಂತಾನೂ ಕೇಳಿಲ್ಲ. ಅರ್ಥ ಆಗಿಲ್ಲ ಅಂತ ಬಾಯಿ ಬಿಟ್ಟು ಕೇಳದಿರೋ ಮಗುನ ಐದನೇ ಕ್ಲಾಸಲ್ಲಿ ಕೂರಿಸಿದ್ರೆ ಮುಳುಗಿಹೋಗುತ್ತೆ. ನಾನು ಹೇಗೆ ಕಳಿಸ್ಲಿ?"

ಮಾರನೇ ಬೆಳಿಗ್ಗೆ ಕಾಯಿ ಸುಲಿಯೋಕೆ ನಿಂತೆ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ತಲೆ ಇದರಲ್ಲೇ ಇತ್ತು. ಎಷ್ಟು ಕಾಯಿ ಸುಲಿದೆನೋ, ಇದ್ದಕ್ಕಿದ್ದ ಹಾಗೆ ಹೊಳೆಯಿತು. ಇಷ್ಟು ತಿಂಗಳೂ ಅವಳನ್ನ ಹೇಳೋ ಸಾಲಿನಲ್ಲಿ ನಿಲ್ಲಿಸಿದೋನು ಯಾರು? ನಾನು. ಅವಳಿಗೆ ಕನ್ನಡ ಅಂದರೆ ಎದುರಿನವರು ಕೇಳೋದು, ತಾನು ಹೇಳೋದು. ಕೇಳೋ ಕೆಲಸ ಬಿಳಿ ಪಂಚೆ ಉಟ್ಟ ತಾತನದು. ಪದ್ಧತಿ ಅಂತ ಬಾಯಲ್ಲಿ ಹೇಳುತ್ತಿದ್ದೆ. ಆ ತುದಿ ಬಿಟ್ಟುಕೊಡೋಕೆ ನನಗೇ ಮನಸ್ಸಿರಲಿಲ್ಲ, ಅದು ನಿಜ. ತಪ್ಪು ಅಂತ ಗೊತ್ತಾದ ಮೇಲೆ ಅದನ್ನ ಇಟ್ಟುಕೊಂಡು ಕೊರಗೋ ಜಾತಿ ನಾನಲ್ಲ. ಶನಿವಾರ ಯಾವಾಗ ಬರುತ್ತೆ ಅಂತ ಕಾದೆ.

ಶನಿವಾರ ಅವಳನ್ನ ಕರೆದು ನನ್ನ ಜಾಗದಲ್ಲಿ ನಿಲ್ಲಿಸಿದೆ. ನಾನು ಎದುರಿಗೆ ಹೋಗಿ ಹೇಳೋ ಸಾಲಿನಲ್ಲಿ ನಿಂತೆ. ಮಕ್ಕಳು ಸುಮ್ಮನಿರುತ್ತವಾ?

"ತಾತ, ಹೊಸಬ್ರು ಕೇಳೋ ಸಾಲಲ್ಲಿ ನಿಲ್ಲಂಗಿಲ್ಲ ಅಂತ ನೀವೇ ಹೇಳಿದ್ರಿ!"

"ಹೇಳಿದ್ದೆ ಕಣ್ಲಾ. ಈಗ ನಾನೇ ಬೇರೆ ಹೇಳ್ತಾ ಇವ್ನಿ."

ನಾವೆಲ್ಲ ಕೋಲು ಎತ್ತಿ ನಿಂತೆವು. ಅವಳು ಕೇಳಲಿಲ್ಲ. ನಾವು ಹೊಡೆಯೋ ಹಾಗಿಲ್ಲ. ಕೈ ಮೇಲೇ ಇದೆ. "ಕೇಳೇ, ತೋಳು ಬಿದ್ದೋಗ್ತೈತೆ!" ಅಂತ ಒಬ್ಬಳು ಕೂಗಿದಳು. "ತಾತನ ತೋಳು ನೋಡೇ, ನಡುಗ್ತೈತೆ" ಅಂದ ಇನ್ನೊಬ್ಬ. ನನ್ನ ತೋಳು ನಡುಗುತ್ತಿರಲಿಲ್ಲ, ಅದು ಬೇರೆ ವಿಷಯ. ಕೊನೆಗೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಬಂತು: "ಬಾಗ್ಲಾಗೆ ಏನೈತೆ, ಹೇಳಣ್ಣ ಹೇಳು?" ಹದಿನೈದು ಜೊತೆ ಕೋಲು ಒಟ್ಟಿಗೆ ಬಿದ್ದವು. ಅವಳು ಬೆಚ್ಚಿದಳು. ತಾನು ಕೇಳಿದ್ದಕ್ಕೆ ಇಷ್ಟು ಜನ ಉತ್ತರ ಕೊಡುತ್ತಾರೆ ಅನ್ನೋದು ಅವತ್ತೇ ಅವಳಿಗೆ ಗೊತ್ತಾಗಿದ್ದು. ಎರಡನೇ ಪ್ರಶ್ನೆ ಸ್ವಲ್ಪ ಜೋರಾಗಿ ಬಂತು.

ಆಮೇಲಿನ ಶನಿವಾರಗಳಲ್ಲಿ ಅವಳನ್ನ ಆ ತುದಿಯಿಂದ ಅಲುಗಿಸಲಿಲ್ಲ. ಸಂಕ್ರಾಂತಿ ಹತ್ತಿರ ಬಂದಿತ್ತು. ಒಂದು ಸಲ ಪದ ಹುಲಿಕೆರೆ ಮೆಟ್ಟಿಲು ಇಳಿದು ನೀರು ಮುಟ್ಟಿತು. ತೋಚಿದ್ದು ಕೇಳೋ ಸರದಿ. ಹುಡುಗಿ ನನ್ನನ್ನೇ ನೋಡಿ ಹಾಡಿದಳು:

ನಮ್ಮನ್ಯಾಗೆ ಏನೈತೆ, ಹೇಳು ತಾತ ಹೇಳು?

ಒಂದು ಏಟು ಬಿತ್ತು. ಎರಡು. ಫ್ಯಾಕ್ಟರಿ ಹಿಂದಿನ ತಗಡಿನ ಶೆಡ್ಡು ಕಣ್ಣ ಮುಂದೆ ಬಂತು, ಒಳಗೆ ಏನಿದೆ ಅನ್ನೋದು ಬರಲಿಲ್ಲ. ದಿನಾ ಅದರ ಮುಂದೆ ಮಟ್ಟೆ ಗಾಡಿ ಜೊತೆ ಹೋಗೋನು, ಒಂದು ದಿನ ಬಗ್ಗಿ ನೋಡಿಲ್ಲ. ಮೂರು. ನಾಲ್ಕು. ಮಕ್ಕಳು "ಹೋ!" ಅಂತ ಕುಣಿದವು. ನಾನು ಮುಂದೆ ಹೋಗಿ ನಮ್ಮಪ್ಪನ ಕಾಲದ ಎರಡೂ ಕೋಲು ಅವಳ ಕೈಗೆ ಒಪ್ಪಿಸಿದೆ.

"ಸೋತೆ ಕಣವ್ವ. ನೀನೇ ಹೇಳು, ಏನೈತೆ?"

"ತಮ್ಮ ಐತೆ. ಅಮ್ಮನ ಪೆಟ್ಟಿಗೆ ಐತೆ. ಗೋಡೇಗೆ ಅಪ್ಪನ ಢೋಲಕ್ ಐತೆ."

ತಾಳ ಎಲ್ಲಿಂದ ಬಂದಿತ್ತು ಅನ್ನೋದು ಆಗ ತಿಳಿಯಿತು. ಮುಂದಿನ ಶನಿವಾರ ಅವಳಪ್ಪನಿಗೆ ಹೇಳಿಕಳಿಸಿದೆ. ಬಂದಾಗ ಮೈಮೇಲೆಲ್ಲ ನಾರಿನ ಧೂಳು ಹಾಗೇ ಇತ್ತು, ಢೋಲಕ್ ಮಾತ್ರ ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಅವನ ಬಾರಿಸುವಿಕೆಗೆ ನಮ್ಮ ಕೋಲು ಹೊಂದಿಕೊಳ್ಳೋಕೆ ಎರಡು ಸುತ್ತು ಹಿಡಿಯಿತು. ಮೂರನೇ ಸುತ್ತಿಗೆ ಹದ ಸಿಕ್ಕಿತು. ಈಗ ನಮ್ಮ ಪದದಲ್ಲಿ ಅವಳ ಮನೆಯೂ ಇದೆ, ಢೋಲಕ್ಕೂ ಇದೆ. ಹಳೇ ಪದ ಕೆಡಿಸಿದೆ ಅಂತ ಒಬ್ಬಿಬ್ಬರು ಅಂದರು. ಊರಿಗೆ ಕರೆಂಟು ಬಂದಾಗ ನಮ್ಮಪ್ಪ ನಡುಮನೆಗೆ ಬಲ್ಬು ಸೇರಿಸಿದ್ದರು, ಆಗ ಕೆಟ್ಟಿತ್ತಾ ಅಂತ ಕೇಳಿದೆ.

ಸಂಕ್ರಾಂತಿ ಮುಗಿದ ಸೋಮವಾರ ಮೇಡಮ್ಮು ಹುಡುಗಿಯನ್ನ, ಅವಳಪ್ಪನನ್ನ ಆಫೀಸಿಗೆ ಕರೆಸಿದರು. ನನ್ನನ್ನ ಕರೆದಿರಲಿಲ್ಲ. ಆದರೂ ಹೋಗಿ ಬಾಗಿಲ ಹತ್ತಿರ ನಿಂತೆ. ಮೇಡಮ್ಮು ಏನೇನು ಕೇಳಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದರು. ಕನ್ನಡಕ ಹಾಕಿಕೊಂಡು ಹಾಳೆ ಎತ್ತಿಕೊಳ್ಳುವಷ್ಟರಲ್ಲಿ ಹುಡುಗಿಯ ಬೆರಳು ಲಂಗದ ಮೇಲೆ ಒಂದು ಸಲ ತಾಳ ಹಾಕಿದ್ದು ಕಂಡಿತು.

"ಮಿಸ್, ಐದನೇ ಕ್ಲಾಸಲ್ಲಿ ನಾನು ಎಲ್ಲಿ ಕೂತ್ಕಳಲಿ?"

ಮೇಡಮ್ಮು ಹಾಳೆ ನೋಡಿದರು, ಹುಡುಗಿಯನ್ನ ನೋಡಿದರು. ಆಮೇಲೆ ಹಾಳೆ ಮಡಚಿ ಡ್ರಾಯರಿಗೆ ಹಾಕಿದರು.

"ಕಿಟಕಿ ಪಕ್ಕ ಜಾಗ ಇದೆ. ನೀರಿನ ಬಾಟ್ಲಿ ತಗೊಂಡು ಹೋಗು."

"ನೀರು ಖಾಲಿ ಐತೆ ಮಿಸ್. ಹಿಡ್ಕೊಂಡು ಬರ್ಲಾ?"

"ಹಿಡ್ಕೊಂಡು ಬಾ."

ಹುಡುಗಿ ಬಾಟ್ಲಿ ಹಿಡಿದು ನನ್ನ ಪಕ್ಕದಲ್ಲೇ ಹಾದು ನಲ್ಲಿ ಕಡೆ ಓಡಿದಳು. ಅವಳಪ್ಪ ನನ್ನ ಕಡೆ ನೋಡಿ ಹೂಂ ಅಂತ ತಲೆ ಆಡಿಸಿದ. ಇಬ್ಬರೂ ಫ್ಯಾಕ್ಟರಿವರೆಗೂ ಒಟ್ಟಿಗೆ ನಡೆದೆವು. ನನ್ನ ಕೋಲು ಇನ್ನೂ ಅವಳ ಹತ್ತಿರವೇ ಇದೆ. ವಾಪಸ್ ಬೇಕಾದರೆ ಪದ್ಧತಿ ಪ್ರಕಾರ ಅವಳು ಕೇಳಿದ್ದಕ್ಕೆ ಉತ್ತರ ಕೊಟ್ಟು ನಾನು ಗೆಲ್ಲಬೇಕು. ಶನಿವಾರ ಬರಲಿ. ತಗಡಿನ ಮನೆಯೊಳಗೆ ಏನೇನಿದೆ ಅಂತ ಈಗ ಒಂದೂ ಬಿಡದೆ ನೋಡಿಕೊಂಡು ಬಂದಿದ್ದೀನಿ.