ಇಮ್ದಾದನ ಕೋಪದ ಬಣ್ಣ

ಶಿಡ್ಲಘಟ್ಟದ ಇಮ್ದಾದ್ ಪಂಕ್ ಹಾಡುಗಾರನಾಗಿದ್ದಾಗ ಸರ್ಕಾರ, ಮದುವೆ, ಬಾಚಣಿಗೆ ಎಲ್ಲವನ್ನೂ ವಿರೋಧಿಸಿ ಕಿರುಚುತ್ತಿದ್ದ. ಚಿಂತಾಮಣಿಯಲ್ಲಿ ಕೇಳುಗರು ಎದ್ದು ಹೋದರೆ "ಸತ್ಯ ತಡ್ಕೊಳ್ಳಕ್ಕಾಗಲ್ಲ ಕಣೋ ಇವರಿಗೆ" ಎಂದು ಹಿಗ್ಗುತ್ತಿದ್ದ. ಗಂಟಲು ಕೆಟ್ಟು ಹಾಡು ನಿಂತ ಮೇಲೆ ಕುಂಚ ಹಿಡಿದ. ಕೋಪ ಮಾತ್ರ ಹಾಗೇ ಉಳಿಯಿತು: ಶಾಲೆಯ ಗೋಡೆಗೆ ಬರೆದ ಗಿಣಿ ಘೋಷಣೆ ಕೂಗುತ್ತಿತ್ತು, ಬೇಕರಿಯ ಬೋರ್ಡಿನಲ್ಲಿ ಕೇಕು ಹೊತ್ತಿ ಉರಿಯುತ್ತಿತ್ತು. "ದುಡಿಯೋರ ನೋವು ನಿಮಗೇನ್ರೀ ಗೊತ್ತು?" ಎಂದು ಗಿರಾಕಿಗಳನ್ನೇ ಗದರುತ್ತಿದ್ದ. ಒಮ್ಮೆ, ಚಿತ್ರಕ್ಕೆ ಕೂರಲು ಬೇರೆ ಯಾರೂ ಒಪ್ಪದೆ, ರೇಷ್ಮೆ ನೂಲು ಬಿಚ್ಚುವ ಕೆಲಸ ಮುಗಿಸಿ ಬಂದ ತಾಯಿಯನ್ನು ಕೂರಿಸಿಕೊಂಡ. ಮುಖ ಸಲೀಸಾಗಿ ಬಂತು. ಬಿಸಿನೀರಿನಲ್ಲಿ ರೇಷ್ಮೆಗೂಡುಗಳ ಎಳೆ ಹುಡುಕಿ ಬೆಂದು ಬಿರಿದಿದ್ದ ಬೆರಳುಗಳಿಗೆ ಬಂದಾಗ ಕುಂಚ ನಿಂತಿತು. "ನೋಯ್ತವಾ ಅಮ್ಮೀ?" ಎಂದು ಜೀವಮಾನದಲ್ಲೇ ಮೊದಲ ಸಲ ಕೇಳಿದ. ತಾಯಿ, "ಬೇಗ ಬರ್ಕೊಳಪ್ಪ, ನಾಳೆಗೆ ಇನ್ನೊಂದು ಬಿರುಕು ಬರ್ತದೆ" ಎಂದಳು.