ಅಕ್ಕನ ಪುಟ, ಮಾಮನ ಪಾಲಿಶ್

ನಮ್ಮ ಪತ್ರಿಕೆಯ ಮಹಿಳಾ ಪುರವಣಿ ನೋಡಿಕೊಳ್ಳುವ ಅಕ್ಕ ಕೆಲಸಕ್ಕೆ ಸೇರಿದ್ದು ಅಪರಾಧ ವರದಿ ಬರೆಯುವ ಆಸೆಯಿಂದ. ಹೆಂಗಸರ ಪುಟಕ್ಕೆ ಹೆಂಗಸೇ ಸರಿ ಎಂದು ಸಂಪಾದಕರು ಮೂಲೆಯ ಮೇಜು ತೋರಿಸಿದರು. ಅಪರಾಧ ಶುರುವಾದದ್ದೇ ಅಲ್ಲಿಂದ ಎಂದು ಅಕ್ಕ ಈಗಲೂ ನಗುತ್ತಾಳೆ. ಕರಡು ತಿದ್ದುವ ನನ್ನ ಕುರ್ಚಿ ಅವಳ ಪಕ್ಕದಲ್ಲೇ. ಎಲ್ಲವನ್ನೂ ಕಣ್ಣಾರೆ ಕಂಡವಳು ನಾನು. ಪುಟದ ಮೇಲ್ಗಡೆ ಸಮಾನತೆಯ ಬಗ್ಗೆ ಅಕ್ಕನ ಲೇಖನ, ಕೆಳಗೆ ಅರ್ಧ ಪುಟ ಮುಖ ಬೆಳ್ಳಗಾಗಿಸುವ ಕ್ರೀಮಿನ ಜಾಹೀರಾತು. ನಾಚಿಕೆ ಎನ್ನುವುದು ನಮ್ಮ ಕಚೇರಿಯ ಮೆಟ್ಟಿಲು ಹತ್ತಿದ್ದನ್ನು ನಾನಂತೂ ನೋಡಿಲ್ಲ.

ಫೋಟೊ ವಿಭಾಗದಲ್ಲಿ ಪಾಲಿಶ್ ಮಾಮ ಇದ್ದಾನೆ. ಹೆಂಗಸಿನ ಫೋಟೊ ಯಾವುದೇ ಬರಲಿ, ಅವನ ಕಂಪ್ಯೂಟರಿನಲ್ಲಿ ಮುಖ ತೊಳೆಸಿಕೊಂಡೇ ಪುಟಕ್ಕೆ ಹೋಗಬೇಕು. ವಿಜ್ಞಾನಿ, ಬಸ್ ಕಂಡಕ್ಟರ್, ಕೊಲೆಯಾದವಳು, ಎಲ್ಲರಿಗೂ ಒಂದೇ ಬಣ್ಣ. ಗಂಡಸರ ತಂಟೆಗೆ ಮಾತ್ರ ಹೋಗುವವನಲ್ಲ. ಮಂತ್ರಿಯ ಮೂಗಿನ ಮೇಲಿನ ನರಹುಲಿ ಇದ್ದ ಹಾಗೇ ಅಚ್ಚಾಗುತ್ತದೆ. ಗಂಡಸಿನ ಮುಖದ ಕಲೆ ಎಂದರೆ ಅನುಭವ ತಾನೆ? ಅಕ್ಕನ ಅಂಕಣದ ಫೋಟೊಗೂ ಅವನು ಬಳಿದದ್ದೇ ಬಳಿದದ್ದು. ಹೆತ್ತ ತಾಯಿಯೇ ನೋಡಿ ಇವಳ್ಯಾರು ಎಂದು ಕೇಳಿದಳಂತೆ. ಒಳ್ಳೆಯದಕ್ಕೇ ಮಾಡುತ್ತೇನೆ ಎನ್ನುವವನ ಹತ್ತಿರ ಎಷ್ಟೆಂದು ಬಾಯಿ ನೋಯಿಸಿಕೊಳ್ಳುವುದು?

ಹೀಗಿರುವಾಗ ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗಿಯೊಬ್ಬಳು ಮಾಸ್ಕ್ ಹಾಕಿಕೊಂಡು ಅಕ್ಕನನ್ನು ಹುಡುಕಿ ಬಂದಳು. ನಮ್ಮ ಮುಂದೆ ಮಾಸ್ಕ್ ತೆಗೆದಳು. ಎರಡೂ ಕೆನ್ನೆ ಕ್ರೀಮಿಗೆ ಬೆಂದು ಕಪ್ಪಗೆ ಮಚ್ಚೆ ಮಚ್ಚೆಯಾಗಿದ್ದವು. ಬಂದ ಸಂಬಂಧವೆಲ್ಲ ಬಣ್ಣದ ಮೇಲೆ ಮುರಿಯುತ್ತಿದ್ದರಿಂದ ತಾಯಿಯೇ ತಂದು ಹಚ್ಚಿಸಿದ್ದಳು. ಹೆಸರು ಬೇಡ, ಮುಖ ಹಾಕಿ ಎಂದಳು ಹುಡುಗಿ. ಇದನ್ನು ನೋಡಿ ಇನ್ನೊಬ್ಬಳಾದರೂ ಆ ಡಬ್ಬಿ ಎಸೆಯಲಿ, ಅಷ್ಟೇ ಅವಳಿಗೆ ಬೇಕಾದದ್ದು. ಜಾಹೀರಾತಿನವರನ್ನು ನೆನೆದು ಸಂಪಾದಕರು ಮೀನಮೇಷ ಎಣಿಸಿದರು. ಅಕ್ಕ ಪಟ್ಟು ಬಿಡಲಿಲ್ಲ. ಈ ಫೋಟೊಗೆ ಕೈ ಹಚ್ಚಬೇಡ ಎಂದು ಮಾಮನಿಗೆ ಹೇಳಿಯೇ ಮನೆಗೆ ಹೋದಳು.

ಬೆಳಿಗ್ಗೆ ಪತ್ರಿಕೆ ಬಿಚ್ಚಿದರೆ 'ಕ್ರೀಮ್ ಸುಟ್ಟ ಮುಖ' ಎಂಬ ದಪ್ಪಕ್ಷರದ ಕೆಳಗೆ ಹಾಲಿನಲ್ಲಿ ತೊಳೆದಂಥ ಕೆನ್ನೆ. ಜಾಹೀರಾತಿನವಳಿಗಿಂತ ಇವಳೇ ಚೆಂದ. ಮದುವೆಯಾಗಬೇಕಾದ ಹುಡುಗಿ, ಹಾಗೇ ಬಿಡಲು ಮನಸ್ಸು ಬರಲಿಲ್ಲವಂತೆ ಮಾಮನಿಗೆ. ಅವನ ಮನಸ್ಸಿಗೆ ಬೆಂಕಿ ಹಾಕ. ಅಕ್ಕ ಅವನ ಜನ್ಮ ಜಾಲಾಡಿ ಸಂಪಾದಕರ ಕೋಣೆಗೆ ನುಗ್ಗಿದಳು. ವೇದಿಕೆ ಸಿಕ್ಕಿದಲ್ಲೆಲ್ಲ ಮಹಿಳೆಯರ ಪರ ಭಾಷಣ ಬಿಗಿಯುವ ಆ ಮನುಷ್ಯ ತಣ್ಣಗೆ ಹೇಳಿದರು:

"ಚೆನ್ನಾಗೇ ಕಾಣ್ತಿದಾಳಲ್ಲಮ್ಮ. ಅವಳಿಗೇನು ನಷ್ಟ?"

ಜಗಳವಾಡಿ, ರಾಜೀನಾಮೆಯ ಮಾತೆತ್ತಿ, ಮುಂದಿನ ವಾರ ನಿಜವಾದ ಫೋಟೊ ಹಾಕಲು ಅಕ್ಕ ಒಪ್ಪಿಸಿದಳು. ಹುಡುಗಿಯನ್ನು ಕೇಳಿಯೇ ಹಾಕಬೇಕೆಂದು ಕರೆಸಿದಳು. ಹುಡುಗಿ ಬಂದು ಕೂತಳು, ಮಾಸ್ಕ್ ತೆಗೆಯಲಿಲ್ಲ. ಅಂಗಡಿಯಲ್ಲಿ ಎಲ್ಲರೂ ಪತ್ರಿಕೆಯ ಫೋಟೊ ನೋಡಿ ಅವಳನ್ನು ಸುಳ್ಳುಬುರುಕಿ ಎನ್ನುತ್ತಿದ್ದರಂತೆ. ಅಕ್ಕ ಕ್ಷಮೆ ಕೇಳಿ, ಈ ಸಲ ತಾನೇ ಮುಂದೆ ನಿಂತು ಅಚ್ಚು ಹಾಕಿಸುತ್ತೇನೆ ಎಂದಳು. ಹುಡುಗಿ ತಲೆ ಅಡ್ಡಡ್ಡ ಆಡಿಸಿದಳು.

"ಬೇಡ ಮೇಡಂ. ಅಮ್ಮ ಬರಹ ಬಿಟ್ಟು ಫೋಟೊ ಒಂದನ್ನೇ ಮೊಬೈಲಲ್ಲಿ ತೆಗೆದು ಗಂಡಿನ ಮನೆಗೆ ಕಳಿಸಿಬಿಟ್ಟಿದಾರೆ. ಅವರು ಒಪ್ಪಿದಾರೆ. ಭಾನುವಾರ ನೋಡೋಕೆ ಬರ್ತಾರೆ. ಈ ಮುಖ ಇಟ್ಕೊಂಡು ಅವರ ಮುಂದೆ ಹೋಗಿ ನಿಲ್ಲಬೇಕಾದವಳು ನಾನು."

ಯಾರಿಗೂ ಸೊಪ್ಪು ಹಾಕದ ನಮ್ಮ ಅಕ್ಕ ನಿಜವಾದ ಫೋಟೊವನ್ನು ಮೇಜಿನ ಡ್ರಾಯರಿಗೆ ಹಾಕಿದಳು. ಗಾಜಿನಾಚೆ ಪಾಲಿಶ್ ಮಾಮ ಮುಂದಿನ ವಾರದ ಹೆಂಗಸಿನ ಮುಖ ತೊಳೆಯುತ್ತಿದ್ದ.